ಷರಾ

ನದಿಯನ್ನು ನಾನು ನೋಡಿದ್ದು ಕಡಿಮೆ.
ನನಗದು ಅಂಕಿ.
ಭದ್ರೆಯಿಂದ ಇಷ್ಟು ಸಾವಿರ, ತುಂಗೆಯಿಂದ ಇಷ್ಟು,
ಹೊನ್ನಾಳಿ ದಾಟುವ ಹೊತ್ತು, ಹರಿಹರ ಮುಟ್ಟುವ ಹೊತ್ತು.
ದಾವಣಗೆರೆಯ ಈ ಕಚೇರಿಯ ಕಿಟಕಿ ತೆರೆದರೆ
ಕಾಣುವುದು ಸ್ಕೂಟರ್ ಸ್ಟ್ಯಾಂಡು, ಒಂದು ಬೇವಿನ ಮರ.
ಪ್ರವಾಹ ಎಂದರೆ ನನ್ನ ಮಟ್ಟಿಗೆ
ಎಡಗಿವಿ ಬಿಸಿಯಾಗುವುದು.

ಹೊರಗುತ್ತಿಗೆ. ರಾತ್ರಿ ಪಾಳಿ.
ಗುರುತಿನ ಚೀಟಿಯಲ್ಲಿ ನಿಂಗಮ್ಮ ಹೋಗಿ ಗಂಗಮ್ಮ ಆಗಿದೆ.
ತಿದ್ದಲು ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ನಡೆಯುತ್ತಲೇ ಇದೆ.
'ಈ ಸೆಕ್ಷನ್ನಿಗೆ ಇದೇ ಸರಿ ಬಿಡಮ್ಮ' ಎಂದು ನಕ್ಕರು ಶಿರಸ್ತೇದಾರರು.

ರಿಜಿಸ್ಟರಿನಲ್ಲಿ ಏಳು ಕಾಲಂ.
ಸಮಯ, ಊರು, ಕರೆದವರು, ಜೀವಹಾನಿ, ಜಾನುವಾರು, ಮನೆ,
ಕೊನೆಗೆ ಹೆಬ್ಬೆರಳಗಲ ಜಾಗ: ಷರಾ.

ಮೊಸಳೆ ಬಂದೈತಿ ಎಂದವನಿಗೆ ಅರಣ್ಯದವರ ನಂಬರು ಕೊಟ್ಟೆ.
ಕರೆಂಟಿಲ್ಲ ಎಂದವರಿಗೆ ಬೆಸ್ಕಾಂ.
ಕುಡಿದವನೊಬ್ಬ ಕೇಳಿದ, 'ಮೇಡಂ, ನಿಮ್ದು ಊಟ ಆತಾ?'
ಆಗಿರಲಿಲ್ಲ. ಮಂಡಕ್ಕಿ ಪೊಟ್ಟಣ ಮೆತ್ತಗಾಗಿತ್ತು.

ಒಂದೂ ಇಪ್ಪತ್ತಕ್ಕೆ, ಗಂಗಾನಗರದ ಮೆಹರ್‌ಬಾನು.
'ನಾವು ಕಾಳಜಿ ಕೇಂದ್ರಕ್ಕೆ ಬಂದೀವ್ರಿ. ಹೊಲಿಗೆ ಮಿಷನ್ ಅಲ್ಲೇ ಐತಿ.
ಮಿಷನ್ ಹೋದ್ರ ಹೋಗ್ಲಿ. ಅದರ ಮ್ಯಾಲ ಗಂಟು ಐತ್ರಿ,
ಹದಿನಾಕು ಬ್ಲೌಸು. ಒಂದೂ ನಂದಲ್ಲ.'
ಜೀವವಲ್ಲ. ಜಾನುವಾರಲ್ಲ. ಮನೆಯೂ ಅಲ್ಲ.
ಕೊನೆಯ ಕಾಲಮ್ಮಿನಲ್ಲಿ ಇರುವೆಯಕ್ಷರದಲ್ಲಿ ಬರೆದೆ:
ಬ್ಲೌಸು ೧೪, ಬೇರೆಯವರವು.

ಸೇತುವೆಯ ಬಳಿ ಹೋಮ್‌ಗಾರ್ಡ್ ಠಾಕ್ರಾನಾಯ್ಕ.
ಮಟ್ಟದ ಕಂಬಕ್ಕೆ ಟಾರ್ಚು ಬಿಟ್ಟು
ಗಂಟೆಗೊಮ್ಮೆ ಓದಿ ಹೇಳುವುದು ಅವನ ಕೆಲಸ, ಬರೆಯುವುದು ನನ್ನದು.
ಮೂರು ಮಳೆಗಾಲ. ಮುಖ ಕಂಡಿಲ್ಲ, ಕೆಮ್ಮು ಗೊತ್ತು.
ಮೂರರ ಓದು ಬಂದಾಗ ಬಾಯಿತಪ್ಪಿ ಬ್ಲೌಸಿನ ಸುದ್ದಿ ಹೇಳಿದೆ.
ಆದೇಶವಲ್ಲ; ಆದೇಶ ಕೊಡಲು ನಾನ್ಯಾರು.
ಸುಮ್ಮನೆ, ನಿದ್ದೆ ಬರದಿರಲಿ ಎಂದು ಆಡಿದ ಮಾತು.

ನಾಲ್ಕರ ಓದು ಬರಲಿಲ್ಲ.

ನಾಲ್ಕೂ ಐದು. ಸ್ವಿಚ್ ಆಫ್.
ನಾಲ್ಕೂ ಹದಿನೈದು. ಅದೇ ಹೆಣ್ಣುದನಿ, ಅದೇ ವಿನಯ.
ತಹಶೀಲ್ದಾರರ ಜೀಪಿಗೆ ಹೇಳಿದೆ. ತೆಪ್ಪದವರಿಗೆ ಹೇಳಿಸಿದೆ.
ಆಮೇಲೆ ಮಾಡಲು ಏನೂ ಉಳಿಯಲಿಲ್ಲ.
ಟ್ಯೂಬ್‌ಲೈಟಿನ ಕೆಳಗೆ ನಾಲ್ಕನೇ ಕಾಲಮ್ಮಿನ ಮೇಲೆ
ಪೆನ್ನಿನ ನೆರಳು ಬಿದ್ದಿತ್ತು.
ಪೆನ್ನನ್ನು ಎತ್ತಿ ಮೇಜಿನ ಆ ತುದಿಗೆ ಇಟ್ಟೆ.

ನಾಲ್ಕೂ ಐವತ್ತಕ್ಕೆ ಗೊತ್ತಿಲ್ಲದ ನಂಬರಿನಿಂದ ಮೊದಲು ಬಂದದ್ದು ಕೆಮ್ಮು.
'ಯಕ್ಕಾ, ಬರಕೋ. ಎರಡು ಇಂಚು ಇಳದೈತಿ.
ನನ್ನ ಮೊಬೈಲು ನೀರುಪಾಲು. ಇದು ತೆಪ್ಪದ ಹುಡುಗಂದು.
ಮಿಷನ್ ಭಾರ ಇತ್ತು, ಬಿಟ್ಟೆ. ಗಂಟು ತಂದೀನಿ,
ಒಂದಕ್ಕ ತೋಳಷ್ಟೇ ಒದ್ದಿ ಆಗೈತಿ.'

ಬೈದೆ. ಅವನ ತಾಯಿಯೂ ಬೈದಿರಲಾರಳು ಹಾಗೆ.
ಆಮೇಲೆ ಎರಡು ಇಂಚು ಎಂದು ಬರೆದೆ,
ಅಕ್ಷರ ಗೆರೆ ಬಿಟ್ಟು ಹೋಯಿತು.

ಎಂಟಕ್ಕೆ ಬೆಂಗಳೂರಿಗೆ ವರದಿ.
ಜೀವಹಾನಿ ನಿರಂಕ. ಜಾನುವಾರು ನಿರಂಕ.
'ಷರಾದಲ್ಲಿ ಕತೆ ಬರೀಬೇಡ್ರಮ್ಮ, ಒಂದೇ ಪುಟಕ್ಕೆ ಕೂರ್ಬೇಕು' ಎಂದರು.
ಆ ಕಾಲಮ್ಮನ್ನು ಅಳಿಸಲಾಯಿತು.
ಅಳಿಸಿದವಳು ನಾನೇ; ಟೈಪು ಮಾಡುವವಳು ಇನ್ಯಾರಿದ್ದಾರೆ.
ಹಾಳೆ ಹಗುರಾಗಿ ಹೊರಬಂತು, ಬಿಸಿಯಾಗಿತ್ತು.
ಸಿಟಿ ಬಸ್ಸಿನಲ್ಲಿ ನನಗೆದುರು ಕೂತವಳ ರವಿಕೆಯನ್ನು
ಇಳಿಯುವ ತನಕ ನೋಡಿದೆ. ಅವಳು ಸೆರಗು ಎಳೆದುಕೊಂಡಳು.

ಈಗ ಜನವರಿ.
ತಿಂಗಳಿಗೊಮ್ಮೆ ಲೈನು ಸರಿಯಿದೆಯೇ ಎಂದು ನೋಡುವ ಕರೆ.
'ನೀರೆಷ್ಟು?'
'ಪಾದ ಮುಳುಗಂಗಿಲ್ಲ ಯಕ್ಕಾ.
ನಮ್ಮ ಕಂಬಾನ ಹುಡುಗ್ರು ಸ್ಟಂಪು ಮಾಡ್ಕಂಡಾರ.'
ಗದ್ದಲ ಕೇಳುತ್ತಿತ್ತು. ಔಟೋ ಅಲ್ಲವೋ ಎಂಬ ಜಗಳ.
ಫೋನಿಡದೆ ಅದು ಬಗೆಹರಿಯುವ ತನಕ ಕಾದೆ,

ಬರೆದೆ:
ಮಟ್ಟ, ಶೂನ್ಯ.
ಷರಾ, ಕಂಬ ಬಳಕೆಯಲ್ಲಿದೆ.